ಗುಂಡಿಯ ಮನೆಪಾಠದ ಹಾಳೆಗಳು

ಹರಿದ ಬಟ್ಟೆಗೆ ರಫೂ ಹಾಕುವುದು ನನ್ನ ಕಸುಬು. ತೇಪೆ ಹಾಕುವವರು ಬೇರೆ, ನಾವು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತೇಪೆ ಎಂದರೆ ಇಲ್ಲಿ ಹರಿದಿತ್ತು ಎಂದು ಊರಿಗೆಲ್ಲ ಸಾರುವುದು. ರಫೂ ಎಂದರೆ ಹರಿದೇ ಇರಲಿಲ್ಲ ಎನ್ನಿಸುವುದು. ಅದಕ್ಕೆ ಹೊರಗಿನ ನೂಲು ಬಳಸುವಂತಿಲ್ಲ. ಅದೇ ಕೋಟಿನ ಒಳಮಡಿಕೆಯಿಂದ, ಯಾರೂ ನೋಡದ ಜಾಗದಿಂದ ಒಂದೊಂದೇ ಎಳೆ ಬಿಡಿಸಿ ತೆಗೆದು, ತೂತಿನ ಈ ಅಂಚಿನಿಂದ ಆ ಅಂಚಿಗೆ ಮೇಲೆ ಕೆಳಗೆ ನೇಯಬೇಕು. ಮುಗಿದ ಮೇಲೆ ಬಟ್ಟೆಯನ್ನು ಗಿರಾಕಿಯ ಕೈಗಿಟ್ಟು, ಎಲ್ಲಿ ಹರಿದಿತ್ತು ತೋರಿಸಿ ನೋಡೋಣ ಎನ್ನುತ್ತೇನೆ. ಅವರು ಕನ್ನಡಕ ಏರಿಸಿ ಇಳಿಸಿ ಹುಡುಕಿ, ಸೋತು ನಕ್ಕರೆ ನನಗೆ ಅಂದಿನ ಊಟ ರುಚಿಸುತ್ತದೆ. ಹದಿನೆಂಟು ವರ್ಷದಲ್ಲಿ ತೋರಿಸಿದವರು ನಾಲ್ಕೇ ಜನ. ಆ ನಾಲ್ವರ ಮುಖವೂ ನೆನಪಿದೆ, ಅವರ ಮೇಲಿನ ಸಿಟ್ಟೂ ಹಾಗೇ ಇದೆ.

ಈ ಜಂಬವೇ ನನ್ನ ಮಗಳನ್ನು ನನ್ನಿಂದ ದೂರ ಮಾಡಿತು. ಸುತ್ತಿ ಬಳಸಿ ಮಾತಾಡುವ ಜಾಯಮಾನ ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಮಗಳ ನಿಜವಾದ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎರಡು ವರ್ಷದವಳಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ, ಮೂರು ದಿನ ನಾವು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವ ಹಾಗೆ ಮಾಡಿದಳು. ನಾಲ್ಕನೆಯ ದಿನ ಗುಂಡಿ ಹೊರಗೆ ಬಂತು, ಹೆಸರು ಉಳಿದುಕೊಂಡಿತು. ಬಾಯಿ ಬಿಟ್ಟರೆ ಹರಳು ಹುರಿದ ಹಾಗೆ ಮಾತು. ಒಮ್ಮೆ ಕಿವಿಗೆ ಬಿದ್ದದ್ದನ್ನು ಮರೆಯುವವಳಲ್ಲ. ನಾನು ಕೆಲಸ ಮಾಡುವಾಗ ರೇಡಿಯೋ ಹಾಡುತ್ತಿರುತ್ತದಲ್ಲ, ಅದರಲ್ಲಿ ಬಂದ ತಿಮಿಂಗಿಲದ ಹೃದಯದ ತೂಕವನ್ನು ಆರು ತಿಂಗಳ ಮೇಲೆ ಊಟದ ನಡುವೆ ಹೇಳಿ ನಮ್ಮನ್ನು ದಂಗುಬಡಿಸುತ್ತಿದ್ದಳು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕಟ್ಟಡದ ಲಿಫ್ಟ್ ಮೇಲೇರುವ ಸದ್ದು ಕೇಳಿಯೇ ಅದರ ಯಾವ ಚಕ್ರ ಸವೆದಿದೆ ಎಂದು ಅವನಿಗೆ ಹೇಳುವಷ್ಟು ಚುರುಕು ಕಿವಿ ಅವಳದು.

ಆದರೆ ಪುಸ್ತಕ ತೆರೆದರೆ ಸಾಕು, ಮಾತು ನಿಂತುಹೋಗುತ್ತಿತ್ತು. "ಅಕ್ಷರ ನಿಂತಲ್ಲಿ ನಿಲ್ಲಲ್ಲ ಅಮ್ಮ, ಅಲ್ಲಾಡತ್ತೆ" ಎನ್ನುತ್ತಿದ್ದಳು. ನಾನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣು ಗಿಡುಗನದು ಎಂದರು ಅವರು. ಹಾಗಾದರೆ ಸೋಮಾರಿತನ ಎಂದುಕೊಂಡೆ. ಬರೆಯುವಾಗ ಪೆನ್ಸಿಲನ್ನು ಹಾಳೆ ತೂತಾಗುವಷ್ಟು ಒತ್ತಿ, ನಾಲಿಗೆ ಹೊರಚಾಚಿ, ಹಣೆಯಲ್ಲಿ ಬೆವರು ತರಿಸಿಕೊಂಡು ಬರೆಯುವ ಮಗುವನ್ನು ಸೋಮಾರಿ ಎನ್ನಲು ಎಂಥ ಕಣ್ಣು ಬೇಕು ಎಂದು ಈಗ ಅನ್ನಿಸುತ್ತದೆ.

ಮೂರನೆಯ ಕ್ಲಾಸಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಪಾಠ ಓದಬೇಕಿತ್ತು. ಗುಂಡಿಯ ಸರದಿ ಬಂದಾಗ ಉಳಿದ ಮಕ್ಕಳು ಡೆಸ್ಕಿನ ಕೆಳಗೆ ಬೆರಳು ಮಡಿಚಿ ಎಣಿಸುತ್ತಿದ್ದರಂತೆ, ಒಂದು ಸಾಲಿಗೆ ಎಷ್ಟು ಹೊತ್ತು ಎಂದು. ಒಂದು ದಿನ ಟೀಚರ್ ಯಾರದೋ ಕರೆಗೆ ಹೊರಗೆ ಹೋದರು. ಎಣಿಕೆ ಗಟ್ಟಿಯಾಗಿ ನಡೆಯಿತು. ನಲವತ್ತು ಮಕ್ಕಳು ಸೇರಿ ಎಪ್ಪತ್ತರವರೆಗೆ ಎಣಿಸಿದರಂತೆ, ಇವಳು ಪುಸ್ತಕ ಹಿಡಿದು ನಿಂತೇ ಇದ್ದಳಂತೆ. ಮರುದಿನದಿಂದ ಶಾಲೆಯ ಗೇಟು ಕಂಡ ಕೂಡಲೇ ವಾಂತಿ ಮಾಡಿಕೊಳ್ಳತೊಡಗಿದಳು. ದಿನಾ ಬೆಳಿಗ್ಗೆ ನಾನು ಅವಳ ಬೂಟು ತೊಳೆದು ಒಣಹಾಕುತ್ತಿದ್ದೆ.

ಶಾಲೆಯಲ್ಲಿ ಮನೆಪಾಠದ ಉಸ್ತುವಾರಿಗೆಂದೇ ಒಬ್ಬ ಟೀಚರ್ ಇದ್ದರು. ಕನ್ನಡಕಕ್ಕೆ ಮಣಿಸರದಂಥ ದಾರ ಕಟ್ಟಿಕೊಂಡ, ಒಳ್ಳೆಯ ಹೆಂಗಸು. ನಮ್ಮಿಬ್ಬರನ್ನೂ ಕೂರಿಸಿಕೊಂಡು ಮೂರು ಬೆರಳು ಎತ್ತಿದರು.

"ಮೂರು ದಾರಿ ಇದೆ ನೋಡಿ. ವಾರವಿಡೀ ಶಾಲೆ, ಅದು ಈಗ ಮಗುಗೆ ಆಗ್ತಿಲ್ಲ. ಇಲ್ಲಾಂದ್ರೆ ಪೂರ್ತಿ ಮನೇಲೇ ಕಲಿಸಿ, ವರ್ಷಕ್ಕೊಂದು ಸಲ ಬಂದು ಪರೀಕ್ಷೆ ಬರೀಲಿ. ಆದ್ರೆ ಎಲ್ಲಾ ಜವಾಬ್ದಾರಿ ನಿಮ್ದೇ. ಮೂರನೇದು ಬೆರಕೆ. ಮಂಗಳವಾರ, ಶುಕ್ರವಾರ ಇಲ್ಲಿಗೆ ಬರ್ಲಿ, ಆಟ, ಚಿತ್ರ, ವಿಜ್ಞಾನದ ಪ್ರಯೋಗ. ಎದ್ದು ನಿಂತು ಓದೋದಿಲ್ಲ. ಉಳಿದ ಮೂರು ದಿನ ಮನೇಲಿ. ನಾವು ಹಾಳೆ ಕೊಡ್ತೀವಿ, ಅವಳು ಬರೆದದ್ದನ್ನ ಸಂಜೆ ಫೋಟೋ ತೆಗೆದು ನನಗೆ ಕಳಿಸ್ಬೇಕು."

"ಪೂರ್ತಿ ಮನೇಲಿ ಬೇಡ" ಎಂದ ನನ್ನ ಗಂಡ. "ಇವಳೂ ಅವಳೂ ಇಡೀ ದಿನ ಒಂದೇ ರೂಮಲ್ಲಿದ್ರೆ ಇಬ್ರಲ್ಲಿ ಒಬ್ರು ಲಾಯರ್ ಹುಡುಕ್ಬೇಕಾಗತ್ತೆ."

ಟೀಚರ್ ನಕ್ಕರು. ನಾಲ್ಕನೆಯ ಕ್ಲಾಸಿನಿಂದ ಬೆರಕೆಯೇ ಆಗಲಿ ಎಂದು ನಾನೂ ಒಪ್ಪಿದೆ. ಹೊರಡುವಾಗ ಅವರು ಒಂದು ಮಾತು ಸೇರಿಸಿದರು. "ಮನೆ ಹಾಳೆಗಳು ಚೆನ್ನಾಗಿ ಬಂದ್ರೆ ಮಾತ್ರ ಇದು ಮುಂದುವರಿಯತ್ತೆ. ಮನೇಲಿ ಕಲೀತಾ ಇಲ್ಲ ಅನ್ನಿಸಿದ್ರೆ ಮತ್ತೆ ವಾರವಿಡೀ ಬರ್ಬೇಕಾಗತ್ತೆ."

ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಅದಕ್ಕೆ ಮುಂಚೆ ಹೇಳಿದ್ದನ್ನೂ ನಂತರ ಹೇಳಿದ್ದನ್ನೂ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ, ಹಾಳೆ ಚೆನ್ನಾಗಿರಬೇಕು, ಇಲ್ಲದಿದ್ದರೆ ನನ್ನ ಮಗಳು ಮತ್ತೆ ಆ ನಲವತ್ತು ಬಾಯಿಗಳ ನಡುವೆ ಹೋಗಿ ನಿಲ್ಲಬೇಕು.

ನಮ್ಮ ಮನೆ ಮೂರನೆಯ ಮಹಡಿಯಲ್ಲಿ. ಕಿಟಕಿಯ ಪಕ್ಕ ನನ್ನ ಮೇಜು, ಅದರ ಇನ್ನೊಂದು ತುದಿಯಲ್ಲಿ ಗುಂಡಿಯ ಜಾಗ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಇಬ್ಬರೂ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನಾನು ಪಾಠ ಓದಿ ಹೇಳುತ್ತಿದ್ದೆ, ಅವಳು ಕೇಳಿ ಉತ್ತರ ಹೇಳುತ್ತಿದ್ದಳು. ಬಾಯಲ್ಲಿ ಎಲ್ಲವೂ ನೀರು ಕುಡಿದ ಹಾಗೆ. ಆಮೇಲೆ ಹಾಳೆ ಎಳೆದುಕೊಂಡು ಅದನ್ನೇ ಬರೆಯತೊಡಗಿದರೆ ಸಾಲು ಸೊಟ್ಟ, ಅರ್ಧ ಪದ ಮಾಯ, ಲೆಕ್ಕದಲ್ಲಿ ಆರು ಒಂಬತ್ತಾಗಿ ತಲೆಕೆಳಗು. ಮೂರು ಗಂಟೆಗೆ ಅವಳು ನಾನು ಮುಗಿಸಿದ ಬಟ್ಟೆಗಳನ್ನು ಚೀಲದಲ್ಲಿ ಹಾಕಿಕೊಂಡು ಎರಡು ಬೀದಿ ಆಚೆಯ ಲಾಂಡ್ರಿಗೆ ಕೊಟ್ಟು ಬರುತ್ತಿದ್ದಳು. ಹೋಗಿ ಬರಲು ಅರ್ಧ ಗಂಟೆ.

ಮೊದಲನೆಯ ದಿನ ಅವಳು ಮೆಟ್ಟಿಲಿಳಿದ ಮೇಲೆ ಫೋಟೋ ತೆಗೆಯಲು ಹಾಳೆ ಕೈಗೆತ್ತಿಕೊಂಡೆ. ಇದನ್ನು ಕಳಿಸಿದರೆ ವಾರದೊಳಗೆ ವಾಪಸ್ ಕರೆಸುತ್ತಾರೆ ಅನ್ನಿಸಿತು. ಒಂದೇ ಒಂದು ಉತ್ತರ ಸರಿ ಮಾಡೋಣ, ಬಾಯಲ್ಲಿ ಅವಳು ಸರಿಯಾಗೇ ಹೇಳಿದ್ದಳಲ್ಲ, ಇದರಲ್ಲಿ ಮೋಸವೇನು ಬಂತು ಎಂದು ರಬ್ಬರ್ ತೆಗೆದುಕೊಂಡೆ.

ಒಂದು ಸರಿಹೋದ ಮೇಲೆ ಅದರ ಪಕ್ಕದ್ದು ಎದ್ದು ಕಾಣತೊಡಗಿತು. ಅದನ್ನು ತಿದ್ದಿದೆ. ಅರ್ಧ ಗಂಟೆಯಲ್ಲಿ ಹಾಳೆ ಪೂರ್ತಿ ಹೊಸದಾಗಿತ್ತು. ಆದರೆ ನನ್ನ ಕೈಬರಹದಲ್ಲಲ್ಲ. ನಾನು ಕಸುಬಿನವಳು. ಅವಳದೇ ಪೆನ್ಸಿಲು, ಅವಳು ಬಿಡಿಬಿಡಿಯಾಗಿ ಚೆನ್ನಾಗಿ ಬರೆದಿದ್ದ ಅಕ್ಷರಗಳನ್ನು ನೋಡಿಕೊಂಡು ಅದೇ ಓರೆ, ಅದೇ ಬಾಲ. ಎಲ್ಲವೂ ಸರಿಯಿದ್ದರೆ ಯಾರೂ ನಂಬುವುದಿಲ್ಲವೆಂದು ಎರಡು ತಪ್ಪು ಹಾಗೇ ಬಿಟ್ಟೆ. ಟೀಚರಿಂದ ಉತ್ತರ ಬಂತು, ಒಂದು ನಕ್ಷತ್ರ, ಪಕ್ಕದಲ್ಲಿ "ಬಹಳ ಚೆನ್ನಾಗಿದೆ ಪುಟ್ಟಿ". ಗುಂಡಿಗೆ ತೋರಿಸಿದೆ. ಅವಳ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಗುರುವಾರ ಬರುವ ವಾರದ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು. ಈ ವಾರ ನಿನಗೆ ಕಷ್ಟ ಅನ್ನಿಸಿದ್ದು ಏನು? ಮೊದಲ ಗುರುವಾರ ಗುಂಡಿ ಅಲ್ಲಿ ದೊಡ್ಡದಾಗಿ, ಸೊಟ್ಟಗೆ, ಓದೋದು ಎಂದು ಬರೆದಿದ್ದಳು. ನನಗೆ ಸಿಟ್ಟು ಬಂತು. ಮನೆಯ ಗುಟ್ಟನ್ನು ಹೀಗೆ ಬೀದಿಗೆ ಹಾಕುವುದೇ? ಅಳಿಸಿ "ಏನೂ ಇಲ್ಲ" ಎಂದು ಬರೆದೆ. ಆಮೇಲೆ ಪ್ರತಿ ಗುರುವಾರವೂ ಆ ಸಾಲಿಗೆ ಬಂದಾಗ ಮೊದಲು ರಬ್ಬರು, ನಂತರ ಅವೇ ಎರಡು ಪದ. ಅಲ್ಲಿ ಅವಳು ಏನು ಬರೆದಿದ್ದಾಳೆಂದು ಓದುವುದನ್ನೂ ಬಿಟ್ಟುಬಿಟ್ಟೆ. ರಫೂ ಹಾಕುವವರು ತೂತಿನ ಅಂಚು ನೋಡುತ್ತಾರೆಯೇ ಹೊರತು ತೂತಿನೊಳಗೆ ಏನಿದೆ ಎಂದು ನೋಡುವುದಿಲ್ಲ.

ಆ ವರ್ಷದ ಕೊನೆಗೆ ಶಾಲೆಗೆ ಒಬ್ಬ ಓದಿನ ಟೀಚರ್ ಬಂದರು. ಓದಲು ತೊಡಕಿರುವ ಮಕ್ಕಳನ್ನು ಆರಿಸಿ, ಮುಂದಿನ ಎರಡು ವರ್ಷ ಅಲ್ಲೇ ಅವರಿಗೆ ಪ್ರತ್ಯೇಕವಾಗಿ ಕಲಿಸುವವರು. ಆರು ಜನಕ್ಕೆ ಮಾತ್ರ ಜಾಗ. ನೀಳ ಬೆರಳಿನ, ಮೆಲುದನಿಯ ಆ ಹೆಂಗಸು ಎಲ್ಲ ಮಕ್ಕಳ ಹಾಳೆಗಳ ಫೋಟೋ ನೋಡುತ್ತಾ ಗುಂಡಿಯದಕ್ಕೆ ಬಂದಾಗ ನಾನು ಎದುರಿಗೇ ಕೂತಿದ್ದೆ. ಅವರು ಕಂಪ್ಯೂಟರಿನ ಪರದೆಯನ್ನು ಸರಿಸುತ್ತಾ ಹೋದರು. ಕೊನೆಗೆ ನನ್ನ ಕಡೆ ತಿರುಗಿ ನಕ್ಕರು.

"ಈ ಮಗುಗೆ ನಾನು ಬೇಕಾಗಿಲ್ಲ. ನೀವೇ ಚೆನ್ನಾಗಿ ಕಲಿಸಿದ್ದೀರ."

ನಾನು ಮನೆಯವರೆಗೆ ಗಾಳಿಯಲ್ಲಿ ತೇಲಿಕೊಂಡು ಬಂದೆ. ಎಲ್ಲಿ ಹರಿದಿತ್ತು ತೋರಿಸಿ ಎಂದರೆ ಸ್ವತಃ ಓದಿನ ಟೀಚರೇ ತೋರಿಸಲಾಗಲಿಲ್ಲವಲ್ಲ ಎಂಬ ಬಿಂಕ ಬೇರೆ. ಗಂಡನಿಗೆ ಹೇಳಿದಾಗ ಅವನು ಖುಷಿಪಟ್ಟ. ಅವನಿಗೆ ಏನೂ ಗೊತ್ತಿರಲಿಲ್ಲ. ಗುಂಡಿ ಮಾತ್ರ ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಚೂರುಚೂರು ಮಾಡುತ್ತಾ, "ಆರು ಜನ ಯಾರು?" ಎಂದು ಕೇಳಿದಳು. ನನಗೇನು ಗೊತ್ತು ಎಂದೆ.

ಐದನೆಯ ಕ್ಲಾಸಿನಲ್ಲಿ ಅವಳು ಜಾಗ ಖಾಲಿ ಬಿಡಲು ಶುರುಮಾಡಿದಳು. ಮೊದಲು ಒಂದು ಉತ್ತರ, ಆಮೇಲೆ ಅರ್ಧ ಹಾಳೆ. ಬಾಯಲ್ಲಿ ಮಾತ್ರ ಎಲ್ಲವನ್ನೂ ಹೇಳುತ್ತಿದ್ದಳು. "ಯಾಕೆ ಬರೆದಿಲ್ಲ?" ಎಂದರೆ ಭುಜ ಕುಣಿಸುತ್ತಿದ್ದಳು. ಎರಡು ಮಾತು ಬೈದೆ. ಆಮೇಲೆ, ನಿಜ ಹೇಳುತ್ತೇನೆ, ನನಗೆ ಅದೇ ಹಾಯೆನ್ನಿಸಿತು. ಅಳಿಸುವ ಕೆಲಸ ತಪ್ಪಿತು. ಸೂಜಿ ಹಿಡಿದೂ ಹಿಡಿದೂ ನನ್ನ ಬಲಗೈ ಹೆಬ್ಬೆರಳು ಆಗಲೇ ಹಟ ಹಿಡಿಯುತ್ತಿತ್ತು. ರಬ್ಬರು ಉಜ್ಜುವಾಗ ನಾನು ಮುಖ ಕಿವುಚುತ್ತಿದ್ದೆನೇನೋ, ನನಗೆ ಗೊತ್ತಿಲ್ಲ.

ಐದನೆಯ ಕ್ಲಾಸು ಮುಗಿಯುವಾಗ ಬೆರಕೆ ಪಾಠದ ಮಕ್ಕಳೆಲ್ಲ ಶಾಲೆಯಲ್ಲೇ ಎರಡು ಗಂಟೆ ಕೂತು ಒಂದು ಪರೀಕ್ಷೆ ಬರೆಯಬೇಕೆಂದು ಚೀಟಿ ಬಂತು. ನನಗೆ ಒಂದಿಷ್ಟು ಅಳುಕಾಯಿತು, ಇಲ್ಲವೆನ್ನುವುದಿಲ್ಲ. ಆದರೂ ಒಂದು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ತಯಾರು ಮಾಡಿದೆ. ಗ್ರಹಗಳು, ಭಿನ್ನರಾಶಿ, ನದಿಗಳು, ಯಾವುದನ್ನು ಕೇಳಿದರೂ ತಡೆಯದೆ ಹೇಳುತ್ತಿದ್ದಳು. ಇಷ್ಟು ಗೊತ್ತಿರುವವಳು ಅಲ್ಲಿ ಸೊಟ್ಟಗಾದರೂ ಬರೆದೇ ಬರೆಯುತ್ತಾಳೆ, ಎರಡು ವರ್ಷದಲ್ಲಿ ಕೈ ತಾನಾಗೇ ಪಳಗಿರುತ್ತದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಪರೀಕ್ಷೆಯ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತು ಗಿರಾಕಿಯೊಬ್ಬರ ಬೂದು ಕೋಟಿನ ಮೊಣಕೈಗೆ ರಫೂ ಹಾಕುತ್ತಿದ್ದೆ. ಎರಡು ಗಂಟೆ ಕಳೆದು ಮಕ್ಕಳೆಲ್ಲ ಹೊರಬಂದರು. ಗುಂಡಿ ಬರಲಿಲ್ಲ. ಉಸ್ತುವಾರಿ ಟೀಚರ್ ಬಾಗಿಲಿಗೆ ಬಂದು ನನ್ನನ್ನು ಒಳಗೆ ಕರೆದರು. ಓದಿನ ಟೀಚರೂ ಅಲ್ಲಿದ್ದರು. ಮೇಜಿನ ಮೇಲೆ ಗುಂಡಿಯ ಪತ್ರಿಕೆ ಇತ್ತು. ಮೇಲೆ ಅವಳ ಹೆಸರು, ಅದೂ ಸೊಟ್ಟ. ಕೆಳಗೆ ನಾಲ್ಕು ಪುಟ ಬಿಳಿ.

"ಯಾಕಮ್ಮ ಏನೂ ಬರೆದಿಲ್ಲ? ಗೊತ್ತಿರ್ಲಿಲ್ವಾ?" ಎಂದು ಟೀಚರ್ ಅವಳನ್ನು ಕೇಳಿದರು.

"ಗೊತ್ತಿತ್ತು."

"ಮತ್ತೆ?"

ಗುಂಡಿ ನನ್ನ ಮುಖ ನೋಡಿದಳು. ನನ್ನನ್ನು ಸಿಕ್ಕಿಸಿಹಾಕುವ ನೋಟವಲ್ಲ ಅದು. ಹೇಳಲೋ ಬೇಡವೋ ಎಂದು ನನ್ನನ್ನೇ ಕೇಳುವ ನೋಟ. ನಾನು ಕೈಯಲ್ಲಿದ್ದ ಬೂದು ಕೋಟನ್ನು ಮಡಿಚತೊಡಗಿದೆ.

"ನಾನು ಬರೆದ್ರೆ ಅಮ್ಮ ಅಳಿಸಬೇಕಾಗತ್ತೆ" ಎಂದಳು. "ಅವಳ ಬೆರಳು ನೋಯತ್ತೆ. ಖಾಲಿ ಬಿಟ್ರೆ ಬರೆಯೋದೊಂದೇ ಕೆಲಸ."

ಉಸ್ತುವಾರಿ ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವತ್ತು ಅಮ್ಮ ಬರೆಯಲ್ಲ ಅಂತ ಗೊತ್ತಿತ್ತಲ್ಲ ಪುಟ್ಟಿ?"

"ಗೊತ್ತಿತ್ತು. ಆದ್ರೆ ನಾನು ಬರೆದದ್ದು ಯಾವತ್ತೂ ಯಾರಿಗೂ ತೋರಿಸಿಲ್ಲ ನಾವು. ನೀವು ನೋಡಿದ್ರೆ ಅಮ್ಮಂಗೆ ನಾಚಿಕೆ ಆಗತ್ತೆ."

ನಾನು ಯಾರಿಗೂ ಹೆದರುವವಳಲ್ಲ. ಬಟ್ಟೆ ಕೆಡಿಸಿದೆ ಎಂದು ಜಗಳಕ್ಕೆ ಬಂದ ಗಿರಾಕಿಗಳನ್ನು ಮೂರು ಮಹಡಿ ಇಳಿಸಿ ಕಳಿಸಿದ್ದೇನೆ. ಆವತ್ತು ಮಾತ್ರ ಮಕ್ಕಳ ಕುರ್ಚಿಯೊಂದರ ಮೇಲೆ ಕೂತುಬಿಟ್ಟೆ. ಮೊದಲು, ಅದು ಹಾಗಲ್ಲ, ಮಗು ಏನೋ ಹೇಳ್ತಿದೆ ಎಂದು ಬಾಯಿ ತೆರೆದೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಗುಂಡಿ ನನ್ನ ಪಕ್ಕಕ್ಕೆ ಬಂದು ನಿಂತಳು, ನಾನು ಏನು ಹೇಳಿದರೂ ಹೌದೆನ್ನಲು ತಯಾರಾಗಿ. ಅದನ್ನು ಕಂಡು ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೊನೆಗೆ ಅವಳನ್ನು ಕೇಳಿದೆ.

"ನಾಲ್ಕನೇ ಕ್ಲಾಸಿನ ಕೊನೇಲಿ. ಒಂದಿನ ಲಾಂಡ್ರಿ ಮುಚ್ಚಿತ್ತು. ಬೇಗ ಬಂದೆ. ನೀನು ಅಳಿಸ್ತಾ ಇದ್ದೆ. ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂತ್ಕೊಂಡೆ." ನನ್ನ ಬೆರಳುಗಳ ಕಡೆ ನೋಡಿ ಸೇರಿಸಿದಳು, "ಆಮೇಲೆ ದಿನಾ ಕೂತ್ಕೋತಿದ್ದೆ. ನಿಂಗೆ ಟೈಮ್ ಸಾಕಾಗ್ಲಿ ಅಂತ."

ಉಸ್ತುವಾರಿ ಟೀಚರ್ ಮುಖ ಆ ಕಡೆ ತಿರುಗಿಸಿದರು. ಓದಿನ ಟೀಚರಿಗೆ ಸಿಟ್ಟು ಬಂದಿತ್ತು, ಮೆಲುದನಿಯವರ ಸಿಟ್ಟನ್ನು ತಡೆದುಕೊಳ್ಳಲಾಗುವುದಿಲ್ಲ. "ಆರು ಜಾಗ ಇತ್ತು ಆವತ್ತು. ಅದರಲ್ಲೊಂದು ಇವಳದ್ದು. ನಾನೇ ಇವಳನ್ನ ಬಿಟ್ಟು ಮುಂದೆ ಹೋದೆ. ಈಗ ಆ ಆರೂ ತುಂಬಿದೆ" ಎಂದರು. ಇನ್ನು ಉಳಿದದ್ದು ಒಂದೇ, ಇಂಥ ಮಕ್ಕಳಿಗೆಂದೇ ಇರುವ ವಸತಿ ಶಾಲೆ. ಬಸ್ಸಿನಲ್ಲಿ ಐದು ಗಂಟೆಯ ದಾರಿ, ತಿಂಗಳಿಗೊಮ್ಮೆ ಮನೆಗೆ. ಆದರೆ ಅಲ್ಲಿಗೆ ಸೇರಿಸಿಕೊಳ್ಳಬೇಕಾದರೆ ತೊಡಕು ಚಿಕ್ಕಂದಿನಿಂದಲೇ ಇತ್ತೆಂದು ತೋರಿಸುವ ಹಳೆಯ ಬರಹ ಬೇಕು. "ಅವಳ ಕೈಯಲ್ಲೇ ಬರೆದದ್ದು. ನೀವು ಮುಟ್ಟದೇ ಇರೋ ಒಂದು ಹಾಳೆ. ಒಂದೇ ಒಂದು ಇದ್ರೂ ಸಾಕು."

ಮಧ್ಯಾಹ್ನ ಗಂಡ ಕೆಲಸ ಬಿಟ್ಟು ಬಂದ. ವಿಷಯ ಕೇಳಿ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನಾನು ಹಾಳೆ ತುಂಬಿಟ್ಟು ಕಪಾಟಿನ ಮೇಲಿರಿಸಿದ್ದ ಅಂಗಿಯ ಡಬ್ಬಗಳನ್ನೆಲ್ಲ ಇಳಿಸಿ, ಎರಡು ವರ್ಷದ ಹಾಳೆಗಳನ್ನು ನೆಲದ ಮೇಲೆ ಹರಡಿದ. ಗುಂಡಿ ಮಂಚದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ನಾವಿಬ್ಬರೂ ಮಂಡಿಯೂರಿ ಒಂದೊಂದೇ ಹಾಳೆ ತಿರುವಿದೆವು. ಅದಕ್ಕೆ ಮುಂಚಿನ ನೋಟ್ ಪುಸ್ತಕಗಳು ಯಾವಾಗಲೋ ರದ್ದಿಗೆ ಹೋಗಿದ್ದವು, ಇವುಗಳಲ್ಲಿ ನನ್ನ ಕೈ ಬೀಳದ ಹಾಳೆ ಒಂದೂ ಇರಲಿಲ್ಲ. ಎಲ್ಲಿ ನಾನು ತಿದ್ದಿದ್ದೇನೆ ಎಂದು ಅವನಿಗೆ ಕಾಣಿಸಲಿಲ್ಲ, ಎಷ್ಟೋ ಕಡೆ ನನಗೇ ಕಾಣಿಸಲಿಲ್ಲ. ಈ ಮನೆಯಲ್ಲಿ ಒಂದು ಮಗು ಎರಡು ವರ್ಷ ಬೆವರು ಸುರಿಸಿ ಬರೆದಿತ್ತು, ಅದರ ಒಂದು ಸಾಲೂ ಉಳಿದಿರಲಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಚೊಕ್ಕ ಕೆಲಸವನ್ನು ನಾನು ಇನ್ನೆಲ್ಲೂ ಮಾಡಿಲ್ಲ. ಹಾಳೆಗಳ ನಡುವೆ ಕೂತು ಅತ್ತೆ.

ಗಂಡ ಎದ್ದು ಹೋಗಿ ತನ್ನ ಕೆಲಸದ ಚೀಲದಿಂದ ಟಾರ್ಚು ತಂದ. ಕಿಟಕಿಯ ಪರದೆ ಎಳೆದ. ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ಎಳೆ ಕಿತ್ತಿದೆಯೇ ಎಂದು ನೋಡುವಾಗ ಬೆಳಕನ್ನು ನೇರಕ್ಕೆ ಬಿಡಬಾರದಂತೆ, ಅಡ್ಡಕ್ಕೆ ಬಿಟ್ಟರೆ ಕೂದಲೆಳೆಯಷ್ಟು ಉಬ್ಬು ತಗ್ಗೂ ನೆರಳು ಕೊಡುತ್ತದಂತೆ. ವಾರದ ಹಾಳೆಯೊಂದನ್ನು ನೆಲಕ್ಕಿಟ್ಟು ಟಾರ್ಚನ್ನು ಅದರ ಅಂಚಿಗೆ ಮಲಗಿಸಿದ.

ಒತ್ತಿ ಬರೆಯುವ ಮಗು. ನಾನು ಅಳಿಸಿದ್ದು ಸೀಸದ ಕಪ್ಪನ್ನು ಮಾತ್ರ. ನನ್ನ "ಏನೂ ಇಲ್ಲ"ದ ಕೆಳಗೆ ಹಾಳೆಯ ಮೈಯಲ್ಲಿ ಗೀರು ಬಿದ್ದಂತೆ ಅವಳ ಅಕ್ಷರಗಳು ಎದ್ದವು. ಅವನು ಹಾಳೆಯ ಮೇಲೆ ಬಾಗಿ, ತಡವರಿಸುತ್ತಾ, ತಾನೇ ಈಗ ಓದು ಕಲಿಯುತ್ತಿರುವವನ ಹಾಗೆ ಒಂದೊಂದನ್ನೇ ಕೂಡಿಸಿ ಓದಿದ.

"ಓದೋದು ಕಷ್ಟ."

ಮುಂದಿನ ವಾರದ ಹಾಳೆ ಇಟ್ಟ. "ಓದೋದು. ಅಕ್ಷರ ಅಲ್ಲಾಡತ್ತೆ."

ಮುಂದಿನದು. "ಟೀಚರ್ ಓದಕ್ಕೆ ಹೇಳಿಕೊಡ್ತೀರಾ."

ಸಾಕು ಎಂದೆ. ಅವನು ಕೇಳಲಿಲ್ಲ. ಒಂದಾದ ಮೇಲೊಂದು ಹಾಳೆ ಬೆಳಕಿಗೆ ಬರುತ್ತಾ ಹೋಯಿತು. "ಇಲ್ಲಿ ಕೇಳಿದ್ದೆ ನೋಡಿಲ್ವಾ." "ನಾನು ಶುಕ್ರವಾರ ಬರ್ತೀನಲ್ಲ ಆವಾಗ ಹೇಳಿಕೊಡಿ." "ನಾನು ಕೇಳಿದ್ದು ತಪ್ಪಾ." ಒಂದು ವಾರ "ದಯವಿಟ್ಟು" ಎಂದಷ್ಟೇ ಇತ್ತು. ಆ ಪದವನ್ನು ಬರೆಯಲು ಅವಳು ನಾಲ್ಕು ಸಲ ಒದ್ದಾಡಿದ್ದು ಗೀರುಗಳಲ್ಲಿ ಕಾಣುತ್ತಿತ್ತು. ಇಷ್ಟೆಲ್ಲದರ ಮೇಲೆ ನನ್ನ ಕೈ ಹಾದುಹೋಗಿತ್ತು, ಕಣ್ಣು ಹಾದುಹೋಗಿರಲಿಲ್ಲ. ನಾಲ್ಕನೆಯ ಕ್ಲಾಸಿನ ಕೊನೆಯ ಹಾಳೆಗಳಿಗೆ ಬಂದಾಗ ಟಾರ್ಚು ಎಷ್ಟು ತಿರುಗಿಸಿದರೂ ನನ್ನ "ಏನೂ ಇಲ್ಲ"ದ ಅಡಿಯಲ್ಲಿ ಏನೂ ಕಾಣಲಿಲ್ಲ. ಅಲ್ಲಿಂದಾಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

"ಇಪ್ಪತ್ತೊಂಬತ್ತು ವಾರ" ಎಂದ ಗಂಡ. ಟಾರ್ಚು ಆರಿಸಿದ.

ಆ ಹಾಳೆಗಳನ್ನೇ ಓದಿನ ಟೀಚರಿಗೆ ಕೊಟ್ಟೆವು. ಅವರೂ ಬೆಳಕು ಅಡ್ಡ ಹಿಡಿದು ನೋಡಿದರು. ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ ಎಂದು ವಸತಿ ಶಾಲೆಗೆ ಬರೆದರು. ಒಂದೇ ವಾರದಲ್ಲಿ ಬನ್ನಿ ಎಂದು ಉತ್ತರ ಬಂತು. ಆದರೂ ನನ್ನ ಮನಸ್ಸು ಹಿಂದೆ ಸರಿಯಿತು. ಗುಂಡಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಹತ್ತು ವರ್ಷದ ಹುಡುಗಿ ತೊಡೆಯಲ್ಲಿ ಹಿಡಿಸುತ್ತಾಳೆಯೇ, ಆದರೂ ಎಳೆದುಕೊಂಡು ಹೇಳಿದೆ.

"ನೀನು ಬೇಡ ಅಂದ್ರೆ ಬೇಡ. ಪೂರ್ತಿ ಮನೇಲೇ ಕಲಿಯೋ ದಾರಿ ಇದೆಯಲ್ಲ, ಅದನ್ನೇ ಹಿಡಿಯೋಣ. ಪುಸ್ತಕ ತರಿಸ್ತೀನಿ, ನಾನೇ ಕಲಿತು ನಿಂಗೆ ಹೇಳಿಕೊಡ್ತೀನಿ. ಇನ್ನು ಮುಟ್ಟಲ್ಲ ಕಣೆ ನಿನ್ನ ಹಾಳೇನ. ಆಣೆ."

ಅವಳು ಯೋಚಿಸಿದಳು. ಅವಳಿಗೆ ಮನೆ ಬಿಟ್ಟು ಹೋಗಲು ಇಷ್ಟವಿರಲಿಲ್ಲ, ಅದು ನನ್ನ ಕತ್ತಿನ ಸುತ್ತ ಇದ್ದ ಅವಳ ಕೈ ಹೇಳುತ್ತಿತ್ತು.

"ಅಲ್ಲಿ ಬರೆದದ್ದನ್ನ ಯಾರೂ ಅಳಿಸಲ್ವಾ?"

"ಇಲ್ವಂತೆ."

"ತಪ್ಪಿದ್ರೂ?"

"ತಪ್ಪಿದ್ರೂ ಹಾಗೇ ಇಟ್ಕೋತಾರಂತೆ."

"ಹಾಗಾದ್ರೆ ಹೋಗ್ತೀನಿ ಅಮ್ಮ" ಎಂದು ನನ್ನ ಹೆಗಲಿಗೆ ಮುಖ ಒರಗಿಸಿ ಅಳತೊಡಗಿದಳು. ಇಬ್ಬರೂ ಅತ್ತೆವು. ಹೋಗಬೇಡ ಎನ್ನುವ ಹಕ್ಕು ನನಗೆ ಉಳಿದಿರಲಿಲ್ಲ.

ವಸತಿ ಶಾಲೆಯ ಕಚೇರಿಯಲ್ಲಿ ದಪ್ಪ ಜಡೆಯ ಮೇಲ್ವಿಚಾರಕಿಯೊಬ್ಬರು ಫಾರಂ ತುಂಬುತ್ತಿದ್ದರು. ಒಂದಿಷ್ಟು ಪ್ರಶ್ನೆ ನಮಗೆ, ಒಂದಿಷ್ಟು ಮಗುವಿಗೆ. ಅಲ್ಲಿನ ಪದ್ಧತಿಯೇ ಹಾಗಂತೆ, ಮಗುವಿನ ವಿಷಯವನ್ನು ಮಗುವನ್ನೇ ಕೇಳುವುದು. ಯಾವ ಹಾಸಿಗೆ, ಕಿಟಕಿ ಪಕ್ಕವೇ, ರಾತ್ರಿ ದೀಪ ಬೇಕೇ, ಎಲ್ಲಕ್ಕೂ ಗುಂಡಿ ಪಟಪಟನೆ ಉತ್ತರ ಕೊಟ್ಟಳು. ನನ್ನ ಹಳೆಯ ಗುಂಡಿಯ ಮಾತು ತಿರುಗಿ ಬಂದಿತ್ತು.

"ವಾರಕ್ಕೊಂದ್ಸಲ ನೀನು ಬರೆದ ಹಾಳೆಗಳ ಫೋಟೋ ಮನೆಗೆ ಕಳಿಸ್ತೀವಿ" ಎಂದರು ಮೇಲ್ವಿಚಾರಕಿ. "ಯಾರ ಫೋನಿಗೆ ಕಳಿಸ್ಲಿ?"

ನಾನು ಕೈಚೀಲದಿಂದ ನನ್ನ ಫೋನು ಹೊರತೆಗೆದೆ, ನಂಬರು ಹೇಳಲು. ಗುಂಡಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಪ್ಪನ ನಂಬರನ್ನು ಬಾಯಿಪಾಠದಂತೆ, ಒಂದು ಅಂಕಿಯೂ ತಪ್ಪದೆ ಹೇಳಿದಳು.

"ಅಮ್ಮಂದೂ ಬರ್ಕೊಳ್ಳಲಾ?"

"ಬೇಡ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಯಾರಿಗೋ ಇರುವ ಕಾಯಿಲೆಯನ್ನು ಹೊಸಬರಿಗೆ ಮೆಲ್ಲಗೆ ತಿಳಿಸಿ ಹೇಳುವ ಹಾಗೆ ಹೇಳಿದಳು. "ಅವಳಿಗೆ ತಪ್ಪು ನೋಡಿದ್ರೆ ತಡಕೊಳ್ಳಕ್ಕೆ ಆಗಲ್ಲ. ಪಾಪ, ತುಂಬಾ ಬೇಜಾರು ಮಾಡ್ಕೋತಾಳೆ."

ಮೇಲ್ವಿಚಾರಕಿ ನನ್ನ ಮುಖ ನೋಡಲಿಲ್ಲ, ಒಳ್ಳೆಯವರು. ಅಪ್ಪನ ನಂಬರಿನ ಕೆಳಗಿದ್ದ ಖಾನೆಯಲ್ಲಿ ಒಂದು ಗೆರೆ ಎಳೆದು ಫಾರಮನ್ನು ನನ್ನ ಕಡೆ ತಿರುಗಿಸಿದರು. ನಾನು ಸಹಿ ಮಾಡಿದೆ.

ಮೊದಲ ವಾರದ ಫೋಟೋ ಬಂದಾಗ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಗಂಡ ಫೋನು ತೆಗೆದು ಬಹಳ ಹೊತ್ತು ನೋಡಿದ. ಒಮ್ಮೆ ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಏನು ಬರೆದಿದ್ದಾಳೆ ಎಂದು ಕೇಳಲು ನಾನು ಚಡಪಡಿಸುತ್ತಿದ್ದೆ.

"ತೋರಿಸ್ಲಾ?" ಎಂದ ಅವನು.

"ಅವಳನ್ನ ಕೇಳು" ಎಂದೆ.

ಭಾನುವಾರ ಅವಳ ಫೋನು ಬಂದಾಗ ಅವನು ಕೇಳಿದ. ನಾನು ಪಕ್ಕದಲ್ಲೇ ಸೂಜಿ ಹಿಡಿದು ಕೂತಿದ್ದೆ. ಇನ್ನೂ ಬೇಡ ಅಪ್ಪ ಎಂದದ್ದು ನನಗೂ ಕೇಳಿಸಿತು.